ತುಂಗಭದ್ರೆಯ ಅಣೆಕಟ್ಟೂ ನಮ್ಮ ಕರ್ತವ್ಯವೂ

(ಕರ್ನಾಟಕ ಏಕೀಕರಣದ ಸ್ಮರಣೆಗಾಗಿ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ನಾಡಿನ ಏಕೀಕರಣವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಈ ಸಭೆಯ ಚಾಲಕರು ನಮಗೆ ಅಪ್ಪಣೆ ಮಾಡಿರುವರು. ಇಂಥ ಪ್ರಸಂಗದಲ್ಲಿ ನುಡಿಯ ಹಿರಿಮೆಯನ್ನೂ ಪೂರ್ವಜರ ಕೀರ್ತಿಯನ್ನೂ ಬಣ್ಣಿಸುವದು ವಾಡಿಕೆ. ಅದು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಇಂದು ನಾವು ಒಂದು ಅಣೆಕಟ್ಟಿನ ಮಾತನ್ನು ಆಡಬೇಕೆಂದಿರುವೆವು. ಕನ್ನಡ ನಾಡು ಒಡೆದಿದ್ದುದರಿಂದ ಆದ ಹಾನಿಯೆಷ್ಟು, ಕೂಡಿದ್ದರಿಂದ ಆದ ಲಾಭವೆಷ್ಟು, ಕೂಡಿದ ಮೇಲೂ ಉಳಿದ ಕೊರತೆ ಯಾವದು, ಈ ಮೂರನ್ನೂ ಹೊಸಪೇಟೆಯ ಬಳಿಯ ತುಂಗಭದ್ರೆಯ ಅಣೆಕಟ್ಟಿನಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಮತ್ತೊಂದು ನಮಗೆ ಕಾಣದು.

ಮೊದಲು ನದಿಯ ಸ್ವಭಾವವನ್ನು ನೋಡೋಣ. ತುಂಗೆಯೂ ಭದ್ರೆಯೂ ಸಹ್ಯಾದ್ರಿಯ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗೆಯ ಹತ್ತಿರ ಕೂಡಲಿಯಲ್ಲಿ ಒಂದಾಗಿ, ಹರಿಹರ, ಹಂಪೆ, ಮಂತ್ರಾಲಯಗಳ ದಡವನ್ನು ತೊಳೆದು, ಕರ್ನೂಲಿನ ಆಚೆ ಕೃಷ್ಣೆಯನ್ನು ಸೇರುವವು. ಮೇಲಿನ ಮಲೆನಾಡಿನಲ್ಲಿ ಮಳೆಗೆ ಮಿತಿಯಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಇನ್ನೂರೈವತ್ತು ಅಂಗುಲಕ್ಕೂ ಮಿಕ್ಕಿ ಸುರಿಯುವದು. ಕೆಳಗಿನ ಬಳ್ಳಾರಿ, ರಾಯಚೂರುಗಳ ಬಯಲಿನಲ್ಲಾದರೋ ಇಪ್ಪತ್ತು ಇಪ್ಪತ್ತೈದು ಅಂಗುಲ ಬಿದ್ದರೆ ಒಕ್ಕಲಿಗನು ದೇವರಿಗೆ ಕೈಮುಗಿಯಬೇಕು. ನೀರು ಬೇಕಾದ ನೆಲದ ಮಗ್ಗುಲಲ್ಲಿಯೇ ನದಿ ಹರಿಯುವದು ದಿಟ. ಆದರೆ ಮಳೆಗಾಲದ ನಾಲ್ಕು ತಿಂಗಳು ಕೆಂಪು ಹೊನಲಾಗಿ ಉಕ್ಕಿ ಹೋಗಿ, ಬೇಸಿಗೆಯಲ್ಲಿ ಕಲ್ಲುಗಳ ನಡುವೆ ಸಣ್ಣ ಎಳೆಯಾಗಿ ಉಳಿಯುವದು. ಬಂದಾಗ ಹಿಡಿಯಲಾಗದು, ಬೇಕಾದಾಗ ಸಿಗದು. ದೊಡ್ಡ ಅಣೆಕಟ್ಟಿನ ಕಾರ್ಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ: ಆಷಾಢ ಶ್ರಾವಣಗಳ ನೀರನ್ನು ಕಾರ್ತಿಕ ಮಾರ್ಗಶಿರಗಳಿಗಾಗಿ ಠೇವಣಿಯಿಡುವದು.

ನಮ್ಮ ಹಿರಿಯರು ಈ ನದಿಯನ್ನು ಸುಮ್ಮನೆ ನೋಡುತ್ತ ಕುಳಿತವರಲ್ಲ. ವಿಜಯನಗರದ ಅರಸರು ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಹಾಕಿ ಕಾಲುವೆಗಳನ್ನು ತೆಗೆದರು. ಕೃಷ್ಣದೇವರಾಯನ ಕಾಲದಲ್ಲಿ, 1521ರಲ್ಲಿ, ವಲ್ಲಭಾಪುರದ ಒಡ್ಡು ಕಟ್ಟಲ್ಪಟ್ಟಿತು. ಬಸವಣ್ಣ ಕಾಲುವೆಗೆ ನೀರು ಬಂದದ್ದು ಅದರಿಂದಲೇ. ತುರ್ತು ಕಾಲುವೆಯು ಇಂದಿಗೂ ಹಂಪೆಯ ಗದ್ದೆ-ಬಾಳೆತೋಟಗಳಿಗೆ ನೀರುಣಿಸುತ್ತಲಿದೆ. ಆದರೆ ಆ ಒಡ್ಡುಗಳು ಹರಿಯುವ ನೀರನ್ನು ಪಕ್ಕಕ್ಕೆ ತಿರುಗಿಸಬಲ್ಲವೇ ಹೊರತು ಕೂಡಿಡಲಾರವು. ನದಿ ಬತ್ತಿದರೆ ಕಾಲುವೆಯೂ ಬತ್ತುವದು. ನದಿಯ ಅಂಚಿನ ಹೊಲ ಹಸುರಾದರೂ ಹತ್ತಿಪ್ಪತ್ತು ಹರಿದಾರಿ ದೂರದ ಎರೆಯ ಹೊಲವು ಮುಗಿಲನ್ನೇ ನೋಡಬೇಕು. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಈ ಸೀಮೆಯ ಜನರೂ ದನಗಳೂ ಸತ್ತು ಊರುಗಳು ಹಾಳುಬಿದ್ದ ಕಥೆಯನ್ನು ನಮ್ಮ ಮನೆಗಳ ಮುದುಕಿಯರು ಮೂರು ತಲೆಮಾರಿನವರೆಗೆ ಹೇಳುತ್ತ ಬಂದರು.

ಈ ಬರಕ್ಕೆ ಮೊದಲೇ, 1860ರ ಸುಮಾರಿಗೆ, ಸರ್ ಆರ್ಥರ್ ಕಾಟನ್ ಎಂಬ ಇಂಜಿನಿಯರನು ತುಂಗಭದ್ರೆಯ ನೀರನ್ನು ಕಟ್ಟಿ ಬಳ್ಳಾರಿಯ ಬಯಲಿಗೆ ತರಬೇಕೆಂಬ ವಿಚಾರವನ್ನು ಮುಂದಿಟ್ಟಿದ್ದನು. ಅಸ್ತಿಭಾರ ಬಿದ್ದದ್ದು 1945ರಲ್ಲಿ. ಎಂಬತ್ತೈದು ವರ್ಷಗಳು! ಅತ್ತ ಮೈಸೂರು ಸಂಸ್ಥಾನವು 1907ರ ಹೊತ್ತಿಗೆ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟಿ ಮುಗಿಸಿತು. 1911ರಲ್ಲಿ ಕನ್ನಂಬಾಡಿಯ ಕೆಲಸವನ್ನು ಕೈಕೊಂಡು ಎರಡು ದಶಕಗಳಲ್ಲಿ ಪೂರೈಸಿತು. ಅಲ್ಲಿಯೂ ಕನ್ನಡಿಗರೇ, ಇಲ್ಲಿಯೂ ಕನ್ನಡಿಗರೇ. ಭೇದವೇನು? ಅಲ್ಲಿ ಜನರ ಹಿತವನ್ನು ಕೇಳಲು ಒಂದು ಮನೆಯಿತ್ತು. ಇಲ್ಲಿ ನದಿಯ ಎಡದಂಡೆ ನಿಜಾಮನದು, ಬಲದಂಡೆ ಮದರಾಸಿನದು, ಮೇಲಿನ ಹರಿವು ಮೈಸೂರಿನದು. ನೀರಿನಲ್ಲಿ ಯಾರ ಪಾಲು ಎಷ್ಟೆಂಬ ವಾದ ಮುಗಿಯದೆ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದವು. ಕಡೆಗೆ 1944ರಲ್ಲಿ ಮದರಾಸು-ಹೈದರಾಬಾದುಗಳು ಒಪ್ಪಂದಕ್ಕೆ ಬಂದವು. ಅದೇ ವರ್ಷ ಮೈಸೂರಿನೊಡನೆಯೂ ಒಪ್ಪಂದವಾಯಿತು.

1945ನೆಯ ಇಸವಿ ಫೆಬ್ರುವರಿ 28ರಂದು ನಡೆದದ್ದನ್ನು ನಮ್ಮ ತರುಣರು ನೆನಪಿನಲ್ಲಿಡಬೇಕು. ಎಡದಂಡೆಯಲ್ಲಿ ಬೇರಾರದ ರಾಜಕುಮಾರನೂ ಬಲದಂಡೆಯಲ್ಲಿ ಮದರಾಸಿನ ಗವರ್ನರ್ ಸರ್ ಆರ್ಥರ್ ಹೋಪನೂ ಬೇರೆ ಬೇರೆ ಅಸ್ತಿಭಾರಗಳನ್ನಿಟ್ಟರು. ಒಂದೇ ದಿನ, ಒಂದೇ ಒಡ್ಡು, ಎರಡು ಅಸ್ತಿಭಾರ! ಎರಡೂ ದಂಡೆಗಳ ಒಕ್ಕಲಿಗರು ಆಡುವ ನುಡಿ ಒಂದು, ಜಾತ್ರೆ ಒಂದು, ಬೀಗತನ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿ ಬರುವದು. ಆದರೆ ಒಂದು ದಂಡೆಯವನ ಅರ್ಜಿ ಉರ್ದುವಿನಲ್ಲಿ ಹೈದರಾಬಾದಿಗೆ ಹೋಗಬೇಕು. ಇನ್ನೊಂದು ದಂಡೆಯವನ ಅರ್ಜಿ ಇಂಗ್ಲಿಷಿನಲ್ಲಿ ಮದರಾಸಿಗೆ ಹೋಗಬೇಕು. ಒಡೆದ ನಾಡಿನ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ಕವಿಯೂ ಬರೆಯಲಾರನು.

ಮುಂದಿನ ಕಥೆ ನಿಮಗೆ ತಿಳಿದದ್ದೇ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ವಿಮೋಚನೆಗೊಂಡಿತು. ಅದಕ್ಕಾಗಿ ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಲ್ಲಿದ್ದು ಹೋರಾಡಿದವರ ಋಣ ನಮ್ಮ ಮೇಲಿದೆ. 1953ರಲ್ಲಿ ಜಲಾಶಯದ ನೀರು ಕಾಲುವೆಗೆ ಇಳಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲೂಕುಗಳು ಮೈಸೂರಿಗೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆ ಉತ್ಸವದ ಹೊತ್ತಿನಲ್ಲಿಯೇ ಬಳ್ಳಾರಿಯ ಪಿಂಜಾರ ರಂಜಾನ್ ಸಾಬರು ಕನ್ನಡಕ್ಕಾಗಿ ಪ್ರಾಣ ತೆತ್ತರು. ಅಷ್ಟಕ್ಕೂ ಗಂಡಾಂತರ ಮುಗಿಯಲಿಲ್ಲ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಕರ್ನಾಟಕ ರಾಜ್ಯವಾಗಬೇಕೆಂದು ಹೇಳುತ್ತಲೇ, ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ತುಂಗಭದ್ರಾ ಯೋಜನೆಯ ಕಾರಣಕ್ಕಾಗಿ ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಯಾವ ಅಣೆಕಟ್ಟು ಎರಡು ದಂಡೆಗಳನ್ನು ಬೆಸೆಯಿತೋ ಅದನ್ನೇ ನಾಡನ್ನು ಕತ್ತರಿಸುವ ಕತ್ತಿಯನ್ನಾಗಿ ಮಾಡುವ ಸಲಹೆ ಇದು. ಜನರ ದನಿಗೆ ಮಣಿದು ಆ ಶಿಫಾರಸನ್ನು ಕೈಬಿಡಲಾಯಿತು. 1956ರ ನವೆಂಬರ್ 1ರಂದು ಕೊಪ್ಪಳ-ರಾಯಚೂರಿನ ಎಡದಂಡೆಯೂ ಹೊಸಪೇಟೆ-ಬಳ್ಳಾರಿಯ ಬಲದಂಡೆಯೂ ಒಂದೇ ರಾಜ್ಯದಲ್ಲಿ ಕೂಡಿದವು. ಆಂಧ್ರಕ್ಕೂ ಈ ನೀರಿನಲ್ಲಿ ನ್ಯಾಯವಾದ ಪಾಲುಂಟು. ಅದಕ್ಕೆಂದೇ ಅಣೆಕಟ್ಟಿನ ಆಡಳಿತವನ್ನು ತುಂಗಭದ್ರಾ ಮಂಡಳಿಯು ನಡೆಸುವದು. 2014ರಿಂದ ತೆಲಂಗಾಣವೂ ಪಾಲುದಾರನಾಗಿದೆ. ಪಾಲು ಹಂಚುವದಕ್ಕೆ ನಾಡನ್ನು ಕಡಿಯುವ ಅವಶ್ಯಕತೆಯಿಲ್ಲೆಂಬದನ್ನು ಈ ಏಳು ದಶಕಗಳು ಸಿದ್ಧಮಾಡಿವೆ.

ಅಣೆಕಟ್ಟಿನಿಂದ ಆದ ಉಪಕಾರವನ್ನು ಅಲ್ಲಗಳೆಯುವವನು ಕೃತಘ್ನನು. ಸುಮಾರು ಒಂದೂವರೆ ಮೈಲು ಉದ್ದದ ಈ ಕಟ್ಟೆಯನ್ನು ಸುಣ್ಣ-ಸುರ್ಕಿಗಳ ಗಾರೆಯಿಂದ ಕಟ್ಟಿದರು. ಇಂಜಿನಿಯರ್ ತಿರುಮಲೆ ಅಯ್ಯಂಗಾರರ ಹೆಸರು ಇದರೊಡನೆ ಹೊಂದಿಕೊಂಡಿದೆ. ಎಡದಂಡೆಯ ಕಾಲುವೆಯೊಂದೇ 227 ಕಿಲೋಮೀಟರ್ ಹರಿದು, ಸುಮಾರು ಆರು ಲಕ್ಷ ಎಕರೆಗೆ ನೀರುಣಿಸಲೆಂದು ಯೋಜಿತವಾದದ್ದು. ಗಂಗಾವತಿ, ಕಾರಟಗಿ, ಸಿಂಧನೂರುಗಳು ಬತ್ತದ ಕಣಜಗಳಾದವು. ಕಟ್ಟೆಯ ಬುಡದಲ್ಲಿ ವಿದ್ಯುತ್ತು ಹುಟ್ಟಿತು. ಗಂಜಿಕೇಂದ್ರಕ್ಕೆ ಕೈಯೊಡ್ಡಿದ ಸೀಮೆಯಿಂದ ಅಕ್ಕಿಯ ಲಾರಿಗಳು ಪರನಾಡಿಗೆ ಹೊರಟವು.

ಆದರೆ ಈ ಲಾಭದ ಬೆಲೆಯನ್ನು ತೆತ್ತವರು ಯಾರು? ತೊಂಬತ್ತರಷ್ಟು ಹಳ್ಳಿಗಳು ಜಲಾಶಯದಲ್ಲಿ ಮುಳುಗಿದವು. ಐವತ್ತು ಸಾವಿರಕ್ಕೂ ಮಿಕ್ಕಿದ ಜನ ಮನೆಮಾರುಗಳನ್ನು ಬಿಟ್ಟು ಹೊರಟರು. ನಾರಾಯಣದೇವರಕೆರೆಯಂಥ ಹಳೆಯ ಊರೂ, ಮೇಲೆ ಹೇಳಿದ ವಲ್ಲಭಾಪುರದ ಒಡ್ಡೂ ನೀರಿನಡಿ ಹೋದವು. ವಕೀಲಿ ವೃತ್ತಿಯವರಾದ ನಾವು ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯು ಭೂಮಿಯನ್ನು ಕಂಡಿತು, ಭೂಮಿಯನ್ನು ನಂಬಿದವನನ್ನು ಕಾಣಲಿಲ್ಲ. ಹೊಲದ ಒಡೆಯನಿಗೆ ಹಣ ಸಿಕ್ಕಿತು. ಆ ಹೊಲದಲ್ಲಿ ಕೂಲಿ ಮಾಡುವವನಿಗೂ, ಆ ಊರಿನ ಕುಂಬಾರ-ಕಮ್ಮಾರರಿಗೂ ಹೋದ ಬದುಕಿಗೆ ಬೆಲೆ ಕಟ್ಟುವ ಕಲಮು ಅದರಲ್ಲಿ ಇರಲಿಲ್ಲ. ಅಂಥವರ ಜೀವನೋಪಾಯವನ್ನೂ ಎಣಿಕೆಗೆ ಹಿಡಿಯುವ ಕಾಯಿದೆ ಬರಲು 2013ರ ವರೆಗೆ ಕಾಯಬೇಕಾಯಿತು. ಮುಳುಗಿದವರು ಕೊಟ್ಟದ್ದು ದಾನವಲ್ಲ, ಸಾಲ. ಆ ನೀರು ಯೋಗ್ಯವಾಗಿ ಹಂಚಿಹೋದರೆ ಮಾತ್ರ ಸಾಲ ತೀರೀತು.

ಹಂಚಿಹೋಯಿತೇ? ಇಲ್ಲಿಗೆ ನಮ್ಮ ಮುಖ್ಯ ಮಾತಿಗೆ ಬಂದೆವು.

ತುಂಗಭದ್ರಾ ಯೋಜನೆಯ ಉದ್ದೇಶವು ಸ್ವಲ್ಪ ಜನರನ್ನು ಸಿರಿವಂತರನ್ನಾಗಿ ಮಾಡುವದಾಗಿರಲಿಲ್ಲ, ಬಹುಜನರನ್ನು ಬರದಿಂದ ಉಳಿಸುವದಾಗಿತ್ತು. ಆದಕಾರಣ ನೀರನ್ನು ತೆಳ್ಳಗೆ, ದೂರದವರೆಗೆ ಹಬ್ಬಿಸಬೇಕೆಂದು ಗೊತ್ತುಮಾಡಿದರು. ಯಾವ ಹೊಲಕ್ಕೆ ಯಾವ ಬೆಳೆ ಎಂಬದನ್ನು ಮೊದಲೇ ನಿಶ್ಚಯಿಸಿ, ಬತ್ತಕ್ಕೂ ಕಬ್ಬಿಗೂ ಅಲ್ಪ ಭಾಗವನ್ನಿಟ್ಟು, ಹೆಚ್ಚಿನ ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳಿಗೆ ಬಿಟ್ಟರು. ಒಂದು ಎಕರೆ ಬತ್ತ ಕುಡಿಯುವ ನೀರಿನಲ್ಲಿ ಎರಡು ಮೂರು ಎಕರೆ ಜೋಳ ಬೆಳೆದೀತು. ಲೆಕ್ಕ ಸರಳವಾಗಿತ್ತು, ನಡೆದದ್ದು ಬೇರೆ. ಕಾಲುವೆಯ ತಲೆಯ ಭಾಗದಲ್ಲಿ ನೀರು ಮೊದಲು ಬರುವದು, ಬತ್ತಕ್ಕೆ ಬೆಲೆ ಬರುವದು, ಹರಿಯುವ ನೀರಿಗೆ ಕಾವಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಭೂಮಿಯಲ್ಲಿ ಬತ್ತ ಎದ್ದಿತು. ಆಯಕಟ್ಟಿನ ಹೊರಗಿನ ಹೊಲಗಳಿಗೂ ಪಂಪುಗಳು ನೀರನ್ನು ಏರಿಸಿದವು. ಮೇಲಿನವನ ಗದ್ದೆಯಲ್ಲಿ ನೀರು ನಿಂತು ಭೂಮಿ ಸವಳು-ಜವಳಾಗುತ್ತಿರುವಾಗ, ಮಾನವಿ-ರಾಯಚೂರುಗಳ ಕಡೆಯ ಕೊನೆಯ ಭಾಗದ ರೈತನು ಒಣಗಿದ ಉಪಕಾಲುವೆಯ ದಂಡೆಯಲ್ಲಿ ನಿಂತು ಮುಗಿಲನ್ನು ನೋಡುತ್ತಿರುವನು. ಆತನ ಹೊಲ ಸರಕಾರದ ದಫ್ತರದಲ್ಲಿ ನೀರಾವರಿ. ಕಣ್ಣಿಗೆ ಕಂಡಂತೆ ಬೆದ್ದಲು.

ಇದು ಮೇಲಿನವರೆಲ್ಲ ದುಷ್ಟರೆಂಬ ಮಾತಲ್ಲ. ಅವರೂ ನಮ್ಮವರೇ, ಸಾಲ ಮಾಡಿ ಗದ್ದೆ ಸಮಮಾಡಿದವರು. ಅವರಲ್ಲಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿ, ದುಡಿಮೆಯ ಪಾಠ ಹೇಳಿಕೊಟ್ಟವರೂ ಉಂಟು. ಒಬ್ಬನ ನುಡಿ ಯಾವದೆಂದು ಕೇಳಿ ನೀರಿನ ನ್ಯಾಯವನ್ನು ಹೇಳುವದು ನಮಗೆ ಸಮ್ಮತವಲ್ಲ. ದೋಷವಿರುವದು ನೇಮವನ್ನು ಬರೆದು ಅದನ್ನು ನಡೆಯಿಸದೆ ಬಿಟ್ಟದ್ದರಲ್ಲಿ. ಚುನಾವಣೆಯ ಭಯದಿಂದ ಯಾವ ಪಕ್ಷದ ಸರಕಾರವೂ ಮೇಲಿನ ತೂಬನ್ನು ಗಟ್ಟಿಯಾಗಿ ಮುಚ್ಚಲಿಲ್ಲ.

2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾವೇರಿಯ ವ್ಯಾಜ್ಯದಲ್ಲಿ, ಅಂತರರಾಜ್ಯ ನದಿಯ ನೀರು ರಾಷ್ಟ್ರದ ಸ್ವತ್ತು, ಯಾವೊಂದು ರಾಜ್ಯವೂ ಅದಕ್ಕೆ ಒಡೆಯನಲ್ಲವೆಂದು ಹೇಳಿತು. ಆ ತೀರ್ಪಿನ ನ್ಯಾಯವನ್ನು ಮನೆಯೊಳಕ್ಕೂ ತರೋಣ. ನದಿಗೆ ರಾಜ್ಯವೇ ಒಡೆಯನಲ್ಲವಾದರೆ, ಕಾಲುವೆಗೆ ಅದರ ತಲೆಯಲ್ಲಿರುವ ಹೊಲದವನು ಹೇಗೆ ಒಡೆಯನಾದಾನು? ಮೇಲಿನ ರಾಜ್ಯವು ಕೆಳಗಿನ ರಾಜ್ಯದ ಪಾಲನ್ನು ಕಸಿಯಬಾರದೆಂಬ ನ್ಯಾಯವನ್ನು ನ್ಯಾಯಮಂಡಳಿಗಳಲ್ಲಿ ಒಪ್ಪಿದ ನಾವು, ಮೇಲಿನ ಹಳ್ಳಿಯು ಕೆಳಗಿನ ಹಳ್ಳಿಯ ಪಾಲನ್ನು ಕಸಿಯುವಾಗ ಬಾಯಿ ಮುಚ್ಚಿಕೊಂಡಿರಬಹುದೇ? ತಲೆಯವನಿಗೆ ಒಂದು ನ್ಯಾಯ, ತುದಿಯವನಿಗೆ ಇನ್ನೊಂದು ನ್ಯಾಯವಿದ್ದರೆ, ಹಿಂದಿನ ಎರಡು ದಂಡೆಗಳ ಎರಡು ಸರಕಾರಗಳು ಹೋಗಿ ಒಂದೇ ಕಾಲುವೆಯಲ್ಲಿ ಎರಡು ರಾಜ್ಯಗಳು ಹುಟ್ಟಿದಂತಾಯಿತು.

ಹಂಚಿಕೆಯ ಚಿಂತೆ ಹೀಗಿರುವಾಗ, ಕೂಡಿಡುವ ಚಿಂತೆಯೂ ಬಂದೊದಗಿದೆ. ಕಟ್ಟಿದಾಗ ಈ ಜಲಾಶಯ 13,300 ಕೋಟಿ ಘನ ಅಡಿ, ಅಂದರೆ ಇಂದಿನ ಮಾತಿನಲ್ಲಿ 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. 2016ರ ಅಳತೆಯಂತೆ ಅದು ಸುಮಾರು 105.8 ಟಿ.ಎಂ.ಸಿ.ಗೆ ಇಳಿದಿದೆ. ಐದರಲ್ಲೊಂದು ಪಾಲನ್ನು ಹೂಳು ನುಂಗಿತು. ಆ ಹೂಳು ಎಲ್ಲಿಂದಲೋ ಬಿದ್ದದ್ದಲ್ಲ. ಮೇಲಿನ ಬೆಟ್ಟಗಳ ಕಾಡು ಕಡಿದು, ಹೊಲಗಳಿಗೆ ಬದುವಿಲ್ಲದೆ ಬಿಟ್ಟ ಮಣ್ಣು ಅದು. ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟಬೇಕೆಂಬ ಸೂಚನೆಯಿದೆ. ಅದಕ್ಕೆ ಮೂರು ರಾಜ್ಯಗಳ ಒಪ್ಪಿಗೆ ಬೇಕು. ಕಟ್ಟುವದಾದರೆ ಕಟ್ಟಲಿ. ಆದರೆ ಒಂದು ಪಾತ್ರೆ ಹೂಳಿನಿಂದ ತುಂಬಿತೆಂದು ಇನ್ನೊಂದನ್ನು ತರುವವನು, ಹೂಳು ಬರುವ ದಾರಿಯನ್ನು ಮೊದಲು ಕಟ್ಟಬೇಕಲ್ಲವೇ?

2024ರ ಆಗಸ್ಟ್ 10ರ ರಾತ್ರಿ ನಡೆದದ್ದು ಇನ್ನೂ ದೊಡ್ಡ ಎಚ್ಚರಿಕೆ. ಜಲಾಶಯ ತುಂಬಿ ಒಕ್ಕಲಿಗರು ಹಿಗ್ಗಿನಲ್ಲಿರುವಾಗ, ಮೂವತ್ತಮೂರು ದ್ವಾರಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು ದ್ವಾರವೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದುಡಿದ ಕಬ್ಬಿಣ ಅದು. ಕಟ್ಟೆಯನ್ನು ಕಾಪಾಡಲು ಬೇರೆ ದ್ವಾರಗಳನ್ನೂ ತೆರೆದು, ಹತ್ತಾರು ಟಿ.ಎಂ.ಸಿ. ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನಿಳಿಸಿ, ವಾರದೊಳಗೆ ಆ ಬಾಯನ್ನು ಮುಚ್ಚಿದ ಕೆಲಸಗಾರರ ಧೈರ್ಯವನ್ನು ನಾಡು ಮರೆಯಬಾರದು. ಎಲ್ಲ ದ್ವಾರಗಳನ್ನೂ ಬದಲಿಸಬೇಕೆಂದು ತಜ್ಞರು ಹೇಳಿದರು; ಆ ಕೆಲಸಕ್ಕಾಗಿ 2025ರಲ್ಲಿ ಎರಡನೆಯ ಬೆಳೆಗೆ ನೀರು ಬಿಡಬಾರದೆಂಬ ನಿರ್ಣಯವೂ ಆಯಿತು. ಅಣೆಕಟ್ಟುಗಳ ದ್ವಾರಗಳನ್ನು ತಯಾರಿಸಲೆಂದೇ 1960ರಲ್ಲಿ ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಾರಖಾನೆ ಸ್ಥಾಪಿತವಾಗಿತ್ತು. 2015ರಲ್ಲಿ ಕೇಂದ್ರ ಸರಕಾರವು ಅದನ್ನು ಮುಚ್ಚಲು ನಿಶ್ಚಯಿಸಿತು. ದ್ವಾರ ಮುರಿದ ದಿನ ದ್ವಾರ ಮಾಡುವ ಮನೆ ಪಕ್ಕದಲ್ಲಿಯೇ ಬಾಗಿಲು ಹಾಕಿಕೊಂಡಿತ್ತು. ಕಟ್ಟುವಾಗಿನ ಉತ್ಸಾಹ ಕಾಯುವಾಗ ಏಕಿಲ್ಲ? ಅಸ್ತಿಭಾರದ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು; ಸರಪಳಿಗೆ ಎಣ್ಣೆ ಹಾಕಿದವನ ಹೆಸರನ್ನು ಯಾರೂ ಕೆತ್ತಿಸುವದಿಲ್ಲ.

ಹಾಗಾದರೆ ಕರ್ತವ್ಯವೇನು? ಕೆಲವರು ದೊಡ್ಡ ಅಣೆಕಟ್ಟುಗಳೇ ಬೇಡವೆನ್ನುವರು; ಕೆಲವರು ಅವೊಂದಿದ್ದರೆ ಸಾಕೆನ್ನುವರು. ನಾವು ಎರಡನ್ನೂ ಒಪ್ಪುವದಿಲ್ಲ. ಇಪ್ಪತ್ತು ಅಂಗುಲ ಮಳೆಯ ಸೀಮೆಯಲ್ಲಿ ನಿಂತು ಅಣೆಕಟ್ಟು ಬೇಡವೆಂಬದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಆದರೆ ಅಣೆಕಟ್ಟು ಅರ್ಧ ಕೆಲಸ ಮಾತ್ರ. ಕಲ್ಲು-ಗಾರೆಗಳು ನೀರನ್ನು ಕೂಡಿಡಬಲ್ಲವು. ಹಂಚುವದು ಮನುಷ್ಯರ ಕೆಲಸ.

ಆದುದರಿಂದ ಈ ಸಭೆಯ ಮುಂದೆ ನಾಲ್ಕು ಮಾತುಗಳನ್ನಿಡುವೆವು. ಒಂದನೆಯದು, ಪ್ರತಿಯೊಂದು ಉಪಕಾಲುವೆಯ ತುದಿಯಲ್ಲಿ ನೀರನ್ನಳೆದು, ಆ ಲೆಕ್ಕವನ್ನು ಊರ ಚಾವಡಿಯಲ್ಲಿ ಕನ್ನಡದಲ್ಲಿ ಬರೆದು ತೂಗಹಾಕಬೇಕು. ತಲೆಯಲ್ಲಿ ಅಳೆದ ನೀರು ಇಲಾಖೆಯ ಕೀರ್ತಿ. ತುದಿಯಲ್ಲಿ ಅಳೆದ ನೀರು ರೈತನ ಅನ್ನ. ಎರಡನೆಯದು, 1965ರ ನೀರಾವರಿ ಕಾಯಿದೆಗೆ 2024ರಲ್ಲಿ ತಿದ್ದುಪಡಿ ತಂದು, ಅಕ್ರಮವಾಗಿ ಕಾಲುವೆಯ ನೀರೆಳೆಯುವವರಿಗೆ ಶಿಕ್ಷೆಯನ್ನು ಹೆಚ್ಚಿಸಿರುವರು. ಆ ಕಾಯಿದೆಯನ್ನು ಮೊದಲು ದೊಡ್ಡ ಪಂಪಿನವನ ಮೇಲೆ ನಡೆಯಿಸಲಿ. ಬಡವನ ಕೊಳವೆಯಿಂದ ಆರಂಭಿಸುವದು ಬೇಡ. ಮೂರನೆಯದು, ಜೋಳ, ಹತ್ತಿ, ತೊಗರಿಗಳಿಗೆ ಬತ್ತದಷ್ಟೇ ಭರವಸೆಯ ಬೆಲೆ ಸಿಗುವಂತೆ ಸರಕಾರವು ಕೊಳ್ಳಬೇಕು. ಬೆಲೆಯಿಲ್ಲದ ಬೆಳೆಯನ್ನು ಬೆಳೆಯೆಂದು ಬರಿಯ ಆಜ್ಞೆ ಮಾಡಿದರೆ ಯಾವ ರೈತನೂ ಕೇಳಲಾರನು. ನಾಲ್ಕನೆಯದು, ನೀರು ಬಳಕೆದಾರರ ಸಹಕಾರ ಸಂಘಗಳು ಕಾಗದದಿಂದ ಕಾಲುವೆಗೆ ಇಳಿಯಬೇಕು. ಹಿಂದೆ ಕೆರೆಯ ನೀರುಗಂಟಿಯು ಬರದ ವರ್ಷದಲ್ಲಿ ಒಬ್ಬೊಬ್ಬನ ಹೊಲಕ್ಕೆ ಸರದಿಯಂತೆ ನೀರು ಬಿಡುತ್ತಿದ್ದನು. ಗೌಡನ ಹೊಲಕ್ಕೂ ಅದೇ ಸರದಿ. ಆ ಶಿಸ್ತನ್ನು ಊರು ಊರಾಗಿ ನಡೆಯಿಸಿದ ಜನ ನಾವು. ಇಂದು ಕಾಲುವೆಯನ್ನು ಕಾಯಲು ಪೋಲೀಸರನ್ನು ಕರೆಯಬೇಕಾಗುವದು ನಮಗೆ ಭೂಷಣವಲ್ಲ.

ಮಹನೀಯರೇ, ನಾಡು ಒಂದಾಗಬೇಕೆಂದು ಹಿರಿಯರು ಲಾಠಿಯ ಪೆಟ್ಟು ತಿಂದು ಸೆರೆಮನೆಗೆ ಹೋದದ್ದು ನಕಾಶೆಯ ಮೇಲಿನ ಗೆರೆಗಾಗಿ ಮಾತ್ರವಲ್ಲ. ಒಬ್ಬ ಕನ್ನಡಿಗನ ಕಷ್ಟವು ಇನ್ನೊಬ್ಬ ಕನ್ನಡಿಗನ ಕಚೇರಿಯಲ್ಲಿ ಪರರ ಕಷ್ಟವಾಗಬಾರದೆಂಬದೇ ಅವರ ಆಶೆಯಾಗಿತ್ತು. ಗೆರೆ 1956ರಲ್ಲಿ ಅಳಿಯಿತು. ಆಶೆ ಇನ್ನೂ ಕಾಲುವೆಯ ನಡುದಾರಿಯಲ್ಲಿದೆ. ಗಂಗಾವತಿಯ ರೈತನು ತನ್ನ ತೂಬನ್ನು ತಾನೇ ಇಳಿಸಿ, ಮಾನವಿಯವನ ಸರದಿ ಬಂದಿತೆಂದು ಹೇಳುವ ದಿನ, ಆ ಎರಡು ಅಸ್ತಿಭಾರಗಳು ನಿಜವಾಗಿ ಒಂದಾಗುವವು. ಆ ದಿನವನ್ನು ಹತ್ತಿರ ತರುವದು ಸರಕಾರದ ಕೆಲಸವೆಷ್ಟೋ ಈ ಸಭೆಯಲ್ಲಿ ಕುಳಿತ ನಿಮ್ಮೆಲ್ಲರ ಕೆಲಸವೂ ಅಷ್ಟೇ ಎಂದು ಬಿನ್ನವಿಸಿ, ನಮ್ಮ ಮಾತನ್ನು ಮುಗಿಸುವೆವು.